ಬ್ಯಾಟರಿಗೆ ಗೋತ್ರ ಕೇಳುವ ಕ್ಯಾಮೆರಾ

ಪುರೋಹಿತರು ‘ಗಟ್ಟಿಮೇಳ, ಗಟ್ಟಿಮೇಳ’ ಎಂದು ಕೈ ಬೀಸಿದರು. ವಾಲಗದವರು ಕೆನ್ನೆ ಉಬ್ಬಿಸಿ ಊದಿದರು. ಅಕ್ಷತೆ ಹಿಡಿದ ಕೈಗಳು ಛತ್ರದ ಉದ್ದಕ್ಕೂ ಮೇಲೆದ್ದವು. ವರ ತಾಳಿಯ ದಾರ ಹಿಡಿದು ವಧುವಿನ ಜಡೆಯ ಹಿಂದೆ ಗಂಟಿಗಾಗಿ ತಡಕಾಡತೊಡಗಿದ. ಸರಿಯಾಗಿ ಆ ಗಳಿಗೆಯಲ್ಲಿ ಸ್ಟುಡಿಯೋ ಮಾಮನ ಕ್ಯಾಮೆರಾ ಕಣ್ಣು ಮುಚ್ಚಿತು.

ಅರ್ಧ ನಿಮಿಷದ ಹಿಂದೆ ಅದೇ ಕ್ಯಾಮೆರಾ, ಬ್ಯಾಟರಿ ಮುಕ್ಕಾಲು ಭಾಗ ತುಂಬಿದೆ ಎಂದು ತೋರಿಸಿತ್ತು.

ತಿಪಟೂರಿನ ಕಡೆಯ ಆ ಊರಿನಲ್ಲಿ ಮಾಮನನ್ನು ಹೆಸರು ಹಿಡಿದು ಕರೆಯುವವರು ಬ್ಯಾಂಕಿನವರು ಮಾತ್ರ. ಉಳಿದ ಎಲ್ಲರಿಗೂ ಅವರು ಸ್ಟುಡಿಯೋ ಮಾಮ. ಮೂವತ್ತು ವರ್ಷದಲ್ಲಿ ಅವರು ಕ್ಯಾಮೆರಾದಲ್ಲಿ ಹಿಡಿಯದೆ ಬಿಟ್ಟ ಮಾಂಗಲ್ಯಧಾರಣೆ ಅಲ್ಲಿಯವರೆಗೆ ಒಂದೇ ಒಂದು. ಅದು ಅವರದೇ ಮದುವೆಯದು, ಆಗ ಕೈಯಲ್ಲಿ ಬೇರೆ ಕೆಲಸವಿತ್ತು. ಈಗ ಲೆಕ್ಕ ಎರಡಕ್ಕೇರಿತು. ಎರಡನೆಯದಕ್ಕೆ ಕಾರಣ ಕ್ಯಾಮೆರಾದ ಹೊಟ್ಟೆಯಲ್ಲಿದ್ದ, ಒಂದು ಒರಿಜಿನಲ್‌ನ ದುಡ್ಡಿಗೆ ಮೂರು ಬಂದಿದ್ದ, ಲೋಕಲ್ ಬ್ಯಾಟರಿ.

ಮಾಮ ಈ ಕಸುಬಿಗೆ ಇಳಿದ ಕಾಲದಲ್ಲಿ ಇಂಥ ಪ್ರಶ್ನೆಯೇ ಇರಲಿಲ್ಲ. ಪೆಂಟ್ಯಾಕ್ಸ್ ಕೆ1000, ನಿಕಾನ್ ಎಫ್‌ಎಂ2ನಂಥ ಕ್ಯಾಮೆರಾಗಳಲ್ಲಿ ಬ್ಯಾಟರಿ ಇದ್ದದ್ದು ಬೆಳಕು ಅಳೆಯುವುದಕ್ಕೆ ಮಾತ್ರ. ಅದು ಸತ್ತರೂ ಶಟರ್ ಬೀಳುತ್ತಿತ್ತು. ಬೆಳಕನ್ನು ಕಣ್ಣಳತೆಯಲ್ಲೇ ಹೇಳಬಲ್ಲವನಿಗೆ ಬ್ಯಾಟರಿ ಇದ್ದರೂ ಒಂದೇ, ಬಿಟ್ಟರೂ ಒಂದೇ. ಫ್ಲ್ಯಾಶಿಗೆ ನಾಲ್ಕು ಪೆನ್ಸಿಲ್ ಸೆಲ್ಲು ಬೇಕಿತ್ತು, ಅದು ಶೆಟ್ಟರ ಅಂಗಡಿಯಲ್ಲಿ ಬೆಲ್ಲ, ಬೆಂಕಿಪೊಟ್ಟಣದ ಪಕ್ಕದಲ್ಲೇ ಸಿಗುತ್ತಿತ್ತು. ಡಿಜಿಟಲ್ ಯುಗದ ಮೊದಮೊದಲೂ ಹೀಗೇ. ಕ್ಯಾನನ್‌ನ ಪವರ್‌ಶಾಟ್ ಎ ಸರಣಿಯ ಹಲವು ಸಣ್ಣ ಕ್ಯಾಮೆರಾಗಳು, ಪೆಂಟ್ಯಾಕ್ಸ್‌ನ ಕೆ100ಡಿ, ಇವೆಲ್ಲ ಪೆನ್ಸಿಲ್ ಸೆಲ್ಲು ತಿಂದೇ ಬದುಕಿದವು. ಆಮೇಲೆ ಒಂದೊಂದು ಕಂಪನಿಯೂ ತನ್ನದೇ ಆಕಾರದ, ತನ್ನದೇ ಕಚ್ಚಿನ ಬ್ಯಾಟರಿ ಮಾಡಿತು. ಒಬ್ಬರ ಮನೆಯ ಬೀಗಕ್ಕೆ ಇನ್ನೊಬ್ಬರ ಮನೆಯ ಕೀಲಿ ಕೂಡಬಾರದಲ್ಲ!

ಬೀಗ ಬಂದ ಮೇಲೆ ನಕಲಿ ಕೀಲಿ ಮಾಡುವವರೂ ಬಂದರು.

ಮಾಮ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿದ್ದು ಚಾರ್ಜರ್ ವೈರು ತರಲು. ಅಂಗಡಿಯವನು ಮೂರು ಬ್ಯಾಟರಿಗಳನ್ನು ಗಾಜಿನ ಮೇಲೆ ಸಾಲಾಗಿ ಇಟ್ಟು, “ಒಳಗಿನ ಮಾಲು ಎಲ್ಲಾ ಒಂದೇ ಸಾರ್, ಮೇಲಿನ ಸ್ಟಿಕ್ಕರಿಗೆ ದುಡ್ಡು” ಎಂದ. ಇದು ಪೂರ್ತಿ ಸುಳ್ಳೂ ಅಲ್ಲ, ಅದೇ ಕಷ್ಟ. ಕ್ಯಾಮೆರಾ ಕಂಪನಿಗಳೆಲ್ಲ ತಮ್ಮ ಬ್ಯಾಟರಿಯ ಒಳಗಿನ ಸೆಲ್ಲುಗಳನ್ನು ತಾವೇ ಮಾಡುವುದಿಲ್ಲ. 1991ರಲ್ಲಿ ಲಿಥಿಯಂ ಅಯಾನ್ ಬ್ಯಾಟರಿಯನ್ನು ಮೊದಲು ಮಾರುಕಟ್ಟೆಗೆ ತಂದ ಸೋನಿಯೇ 2017ರಲ್ಲಿ ತನ್ನ ಬ್ಯಾಟರಿ ವ್ಯವಹಾರವನ್ನು ಮುರಾಟ ಎಂಬ ಕಂಪನಿಗೆ ಮಾರಿಬಿಟ್ಟಿತು. ಹೆತ್ತವರೇ ದತ್ತು ಕೊಟ್ಟ ಮೇಲೆ ‘ಒರಿಜಿನಲ್’ ಎನ್ನುವುದು ಎಲ್ಲಿಂದ ಶುರು, ಎಲ್ಲಿಗೆ ಕೊನೆ? ಅಂಗಡಿಯವನ ಸ್ಟಿಕ್ಕರ್ ಸಿದ್ಧಾಂತಕ್ಕೆ ಮಾಮ ಹೀಗೆ ಮರುಳಾದರು.

ಸ್ಟಿಕ್ಕರಿನ ಮೇಲೆ 2600 ಎಂಎಎಚ್ ಎಂದು ಬರೆದಿತ್ತು. ಒರಿಜಿನಲ್ ಮೇಲೆ ಅಷ್ಟಿರಲಿಲ್ಲ. ಕಡಿಮೆ ದುಡ್ಡಿಗೆ ಹೆಚ್ಚು ಶಕ್ತಿ! ಆದರೆ ಮದುವೆ ಮನೆಗಳಲ್ಲೇ ಆಯುಷ್ಯ ಕಳೆದ ಮಾಮನಿಗೆ ಇಲ್ಲಾದರೂ ಅನುಮಾನ ಬರಬೇಕಿತ್ತು. ವರನ ಬಯೋಡೇಟಾದಲ್ಲಿ ಎತ್ತರ, ಸಂಬಳ ಎರಡನ್ನೂ ಯಾರು ಬರೆದಿರುತ್ತಾರೆ ಎಂದು ಅವರಿಗೆ ಗೊತ್ತಿಲ್ಲದ್ದೇ? ಕ್ಯಾನನ್ ಕಂಪನಿಯ ಎಲ್‌ಪಿ-ಇ6 ಎಂಬ ಬ್ಯಾಟರಿಯ ಜಾತಕ ನೋಡಿದರೆ ಸಾಕು. 2008ರಲ್ಲಿ 5ಡಿ ಮಾರ್ಕ್ 2 ಜೊತೆ ಬಂದಾಗ ಅದರ ಸಾಮರ್ಥ್ಯ 1800 ಎಂಎಎಚ್. 2014ರಲ್ಲಿ ಹೊಸ ರೂಪ ಬಂದಾಗ 1865. 2020ರಲ್ಲಿ ಇನ್ನೊಂದು ರೂಪ, 2130. ಅದೇ ಡಬ್ಬಿಯ ಒಳಗೆ 330 ತುರುಕಲು ಅಷ್ಟು ದೊಡ್ಡ ಕಂಪನಿಗೆ 12 ವರ್ಷ ಹಿಡಿಯಿತು. ಹೆಸರಿಲ್ಲದ ಕಾರ್ಖಾನೆಯೊಂದು ಅದೇ ಡಬ್ಬಿಗೆ ಒಂದೇ ಏಟಿಗೆ ಇನ್ನಷ್ಟು ತುಂಬಿತು ಎಂದರೆ, ತುಂಬಿದ್ದು ಸೆಲ್ಲಿಗಲ್ಲ, ಸ್ಟಿಕ್ಕರಿಗೆ.

ಇಷ್ಟಾಗಿಯೂ ಮುಹೂರ್ತ ಕೆಡಿಸಿದ್ದು ಈ ಉತ್ಪ್ರೇಕ್ಷೆಯಲ್ಲ. ಕಡಿಮೆ ಇದ್ದರೆ ಕಡಿಮೆ ಎಂದು ತೋರಿಸಿದ್ದರೆ ಮಾಮ ಕಾಶಿಯಾತ್ರೆಯ ಹೊತ್ತಿಗೇ ಬ್ಯಾಟರಿ ಬದಲಿಸುತ್ತಿದ್ದರು. ಮುಕ್ಕಾಲು ಇದ್ದದ್ದು ಸೊನ್ನೆಗೆ ಜಿಗಿದದ್ದು ಹೇಗೆ?

ಈ ಬ್ಯಾಟರಿಗಳ ಬಾಯಲ್ಲಿ ಪ್ಲಸ್ಸು, ಮೈನಸ್ಸು ಅಲ್ಲದೆ ಇನ್ನೂ ಒಂದೆರಡು ತಗಡಿನ ಚೂರುಗಳಿರುತ್ತವೆ. ಅವು ಒಳಗಿನ ಬಿಸಿ ಎಷ್ಟು, ಶಕ್ತಿ ಎಷ್ಟು ಉಳಿದಿದೆ ಎಂದು ಕ್ಯಾಮೆರಾದ ಕಿವಿಯಲ್ಲಿ ಹೇಳುವ ದಾರಿ. ಕಂಪನಿ ಬ್ಯಾಟರಿಯ ಒಳಗೊಂದು ಚಿಪ್ಪು ಕೂತು ಹೋದದ್ದು, ಬಂದದ್ದು ಎಲ್ಲವನ್ನೂ ಶ್ಯಾನುಭೋಗರ ಹಾಗೆ ಲೆಕ್ಕ ಬರೆಯುತ್ತದೆ. ಆ ಚಿಪ್ಪಿನ ಭಾಷೆಯನ್ನು ಲೋಕಲ್‌ನವರು ಸರಿಯಾಗಿ ಕಲಿತಿಲ್ಲದಿದ್ದರೆ ಕ್ಯಾಮೆರಾಕ್ಕೆ ಉಳಿಯುವುದು ಒಂದೇ ದಾರಿ, ವೋಲ್ಟೇಜ್ ನೋಡಿ ಅಂದಾಜು ಕಟ್ಟುವುದು. ಲಿಥಿಯಂ ಬ್ಯಾಟರಿಯ ವೋಲ್ಟೇಜೋ, ಹೆಣ್ಣಿನ ಕಡೆಯ ಯಜಮಾನರ ಮುಖ ಇದ್ದ ಹಾಗೆ. ಕೊನೆಯ ಪಂಕ್ತಿ ಏಳುವವರೆಗೂ ಅದೇ ನಗು, ಅದೇ ಕಳೆ. ಒಳಗೆ ಎಷ್ಟು ಖಾಲಿಯಾಗಿದೆ ಎಂದು ಹೊರಗಿನವರಿಗೆ ಸುಳಿವೇ ಸಿಗದು. ಆಮೇಲೆ ಒಮ್ಮೆಲೇ ಕುರ್ಚಿಗೆ ಕುಸಿಯುತ್ತಾರೆ.

ಕ್ಯಾಮೆರಾಗಳೇನೂ ಇದನ್ನು ಸುಮ್ಮನೆ ಸಹಿಸುವುದಿಲ್ಲ. ಕ್ಯಾನನ್‌ನ ಹಲವು ಕ್ಯಾಮೆರಾಗಳು ಗುರುತು ಸಿಗದ ಬ್ಯಾಟರಿ ಹಾಕಿದೊಡನೆ, ಇದರ ಮೇಲೆ ಕ್ಯಾನನ್ ಲಾಂಛನ ಇದೆಯೇ ಎಂದು ಪರದೆಯ ಮೇಲೆಯೇ ಕೇಳುತ್ತವೆ. ಮಾಮ ಇದಕ್ಕೆ ಗೋತ್ರ ಕೇಳುವುದು ಎನ್ನುತ್ತಾರೆ. ಗೋತ್ರ ಗೊತ್ತಿಲ್ಲದವರಿಂದ ಪುರೋಹಿತರು ಕಾಶ್ಯಪ ಗೋತ್ರ ಎನ್ನಿಸಿ ಸಂಕಲ್ಪ ಮುಂದುವರಿಸುವಂತೆ, ಇಲ್ಲೂ ಒಂದು ಗುಂಡಿ ಒತ್ತಿದರೆ ಕೆಲಸ ಸಾಗುತ್ತದೆ. ಎಲ್ಲರೂ ಇಷ್ಟು ಉದಾರಿಗಳಲ್ಲ. 2013ರ ಕೊನೆಗೆ ನಿಕಾನ್, ತನ್ನ ಹೊಸ ಇಎನ್-ಇಎಲ್14ಎ ಬ್ಯಾಟರಿಗೆ ಹೊಂದಿಸಲೆಂದು ಡಿ3200, ಡಿ5200 ಮೊದಲಾದ ಕ್ಯಾಮೆರಾಗಳ ಸಾಫ್ಟ್‌ವೇರ್ ಬದಲಿಸಿತು. ಅದನ್ನು ಹಾಕಿಕೊಂಡ ಅನೇಕರ ಲೋಕಲ್ ಬ್ಯಾಟರಿಗಳು ಅಂದಿನಿಂದ ಕೆಲಸ ಮಾಡಲೇ ಇಲ್ಲ. ರಾತ್ರಿ ಮಲಗುವಾಗ ಮನೆಯಳಿಯ, ಬೆಳಗಾಗುವಷ್ಟರಲ್ಲಿ ಪರದೇಶಿ.

ಮಾಮನ ಮೂರರಲ್ಲಿ ಮೊದಲನೆಯದು ಮುಹೂರ್ತ ಕೆಡಿಸಿತು. ಎರಡನೆಯದು ಬಸುರಾಯಿತು. ಏಪ್ರಿಲ್ ಬಿಸಿಲಿನಲ್ಲಿ, ಗಾಜು ಏರಿಸಿದ ಓಮ್ನಿ ವ್ಯಾನಿನಲ್ಲಿ, ಕ್ಯಾಮೆರಾ ಸಮೇತ ಅದು ಇಡೀ ಮಧ್ಯಾಹ್ನ ಬೆಂದಿತ್ತು. ಬಿಸಿಗೆ, ವಯಸ್ಸಿಗೆ, ಅತಿಯಾದ ಚಾರ್ಜಿಗೆ ಈ ಸೆಲ್ಲುಗಳೊಳಗೆ ಗಾಳಿ ಹುಟ್ಟಿ ಹೊಟ್ಟೆ ಉಬ್ಬುತ್ತದೆ. ಉಬ್ಬಿದ್ದು ಕ್ಯಾಮೆರಾದಿಂದ ಹೊರಗೆ ಬರಲಿಲ್ಲ. ಸ್ಟುಡಿಯೋ ಹುಡುಗ ಸ್ಕ್ರೂಡ್ರೈವರ್ ಹಿಡಿದು, “ಮಾಮ, ಒಂದ್ ಮೀಟು ಮೀಟಿದ್ರೆ ಬಂದ್ಬಿಡುತ್ತೆ” ಎಂದ. ಆ ಮನೆಯಲ್ಲಿ ವಿಜ್ಞಾನ ಓದಿದವರು ಮಾಮನ ಮಗಳೊಬ್ಬಳೇ. ಅವಳು ಕೂಗಿಕೊಂಡು ಬಂದು ಸ್ಕ್ರೂಡ್ರೈವರ್ ಕಿತ್ತುಕೊಳ್ಳದಿದ್ದರೆ, ತೂತು ಬಿದ್ದ ಲಿಥಿಯಂ ಸೆಲ್ಲು ಹೇಗೆ ಹೊತ್ತಿಕೊಳ್ಳುತ್ತದೆ ಎಂಬುದಕ್ಕೆ ಆ ಸ್ಟುಡಿಯೋದ ಪರದೆಗಳೇ ಸಾಕ್ಷಿಯಾಗುತ್ತಿದ್ದವು. ಕೊನೆಗೆ ರಿಪೇರಿಯವನ ಬಳಿ ಒಯ್ದರು. ಅವನು ಮುಚ್ಚಳ ತೆರೆದು ನೋಡಿ, “ಇದು ನಾರ್ಮಲ್ ಆಗಲ್ಲ ಮಾಮ, ಸಿಸೇರಿಯನ್ನೇ” ಎಂದ. ಬಿಲ್ಲಿನ ದುಡ್ಡಿನಲ್ಲಿ ಎರಡು ಒರಿಜಿನಲ್ ಬರುತ್ತಿತ್ತು.

ಇಲ್ಲಿಗೆ ಕಥೆ ನಿಲ್ಲಿಸಿದರೆ ಕಂಪನಿಗಳ ಜಾಹೀರಾತಾಗುತ್ತದೆ. ಒರಿಜಿನಲ್‌ಗಳೇನು ಹಾಲು ಕುಡಿದ ಮಕ್ಕಳೇ? 2005ರ ನವೆಂಬರಿನಲ್ಲಿ ನಿಕಾನ್ ತನ್ನ ಡಿ100, ಡಿ70, ಡಿ50 ಕ್ಯಾಮೆರಾಗಳಿಗೆ ಕೊಟ್ಟಿದ್ದ ಇಎನ್-ಇಎಲ್3 ಬ್ಯಾಟರಿಗಳನ್ನು ವಾಪಸ್ ಕರೆಸಿತು. ಕೆಲವು ಒಳಗೇ ಶಾರ್ಟ್ ಆಗಿ, ಬಿಸಿಯೇರಿ ಕರಗುವ ಅಪಾಯವಿತ್ತು. 2012ರಲ್ಲಿ ಮತ್ತೊಮ್ಮೆ, ಈ ಬಾರಿ ಇಎನ್-ಇಎಲ್15. ಬೆನ್ನಿನ ಮೇಲಿನ ಉದ್ದನೆಯ ಸಂಖ್ಯೆಯಲ್ಲಿ ಒಂಬತ್ತನೆಯ ಅಕ್ಷರ ‘ಇ’ ಅಥವಾ ‘ಎಫ್’ ಇದ್ದರೆ ತಂದುಕೊಡಿ, ಬೇರೆ ಕೊಡುತ್ತೇವೆ ಎಂದಿತು. ಎರಡೂ ಸಲ ದೋಷ ಕಂಪನಿಯ ಮನೆಯದೇ. ಆದರೆ ಎರಡೂ ಸಲ ಯಾರೋ ಒಬ್ಬರು ಬಾಗಿಲು ತೆರೆದು, ಹೌದು, ನಮ್ಮದೇ, ತನ್ನಿ ಎಂದರು. ಮಾಮ ತಮ್ಮ ಮೂರು ಬ್ಯಾಟರಿಗಳನ್ನು ತಿರುಗಿಸಿ ಮುರುಗಿಸಿ ನೋಡಿದರು. ಒಂದರ ಮೇಲೂ ತಯಾರಿಸಿದವರ ವಿಳಾಸವಿರಲಿಲ್ಲ. ವಾಪಸ್ ಕರೆಯುವವರೇ ಇಲ್ಲದ ಅನಾಥ ಶಿಶುಗಳು.

ಅಂದಿನಿಂದ ಮಾಮ ವಿಂಗಡಿಸುವುದು ಒರಿಜಿನಲ್, ಲೋಕಲ್ ಎಂದಲ್ಲ, ವಿಳಾಸವಿದ್ದದ್ದು, ಇಲ್ಲದ್ದು ಎಂದು. ಐರ್ಲೆಂಡಿನ ಹೇನಲ್ ಆಗಲಿ, ಚೀನಾದ ಸ್ಮಾಲ್‌ರಿಗ್ ಆಗಲಿ ಬೇರೆಯವರ ಕ್ಯಾಮೆರಾಕ್ಕೆ ಬ್ಯಾಟರಿ ಮಾಡಿ ತಮ್ಮ ಹೆಸರಿನಲ್ಲೇ ಮಾರುವವರು. ಅವರು ಲೋಕಲ್ ಅಲ್ಲ, ಬೀಗರು. ನಿಜವಾದ ಭಯ ಇನ್ನೊಂದು ಜಾತಿಯದು: ಕಂಪನಿಯ ಹೆಸರನ್ನೇ, ಹೊಳೆಯುವ ಹಾಲೊಗ್ರಾಮ್ ಸಮೇತ ಅಚ್ಚು ಹಾಕಿಕೊಂಡು, ಕಂಪನಿಯ ಬೆಲೆಗಿಂತ ಸ್ವಲ್ಪವೇ ಕಡಿಮೆಗೆ ಬರುವ ಡೂಪ್ಲಿಕೇಟು. ಲೋಕಲ್ ತಾನು ಲೋಕಲ್ ಎಂದಾದರೂ ಒಪ್ಪಿಕೊಳ್ಳುತ್ತದೆ, ಇದು ಬಾಯಿ ಬಿಡುವುದಿಲ್ಲ.

ಬೆಂಗಳೂರಿಗೆ ಹೋದಾಗ ಈಗ ಮಾಮ ಬೆಲೆ ಕೇಳುವ ಮೊದಲು ಕನ್ನಡಕ ಹಾಕಿಕೊಳ್ಳುತ್ತಾರೆ. ಭಾರತದಲ್ಲಿ ಮಾರುವ ಇಂಥ ಬ್ಯಾಟರಿಗಳಿಗೆ ಐಎಸ್ 16046 ಎಂಬ ಮಾನಕದ ಅಡಿ ನೋಂದಣಿ ಕಡ್ಡಾಯ. ಆ ಮಾನಕದ ಗುರುತಿನ ಜೊತೆ ‘ಆರ್’ ಎಂದು ಶುರುವಾಗುವ ಸಂಖ್ಯೆಯೂ ಇರಬೇಕು. ಅದನ್ನು ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಮೊಬೈಲ್ ಆ್ಯಪ್‌ನಲ್ಲಿ ಹಾಕಿದರೆ ಯಾರ ಮನೆಯ ಕೂಸು ಎಂದು ಗೊತ್ತಾಗುತ್ತದೆ. ಮಾಮ ಗಾಜಿನ ಮೇಲೆ ಬಾಗಿ ಒಂದೊಂದೇ ಅಂಕಿ ಒತ್ತುವಾಗ ಅಂಗಡಿಯವನ ಮುಖ ನೋಡಬೇಕು. “ಸಾರ್, ಬ್ಯಾಟರಿ ತಗೋತೀರೋ, ಹೆಣ್ಣು ಕೊಡ್ತೀರೋ?” ಎಂದು ಒಬ್ಬ ಕೇಳಿಯೂ ಇದ್ದಾನೆ.

ಒಮ್ಮೆ ಮುಂಬೈಯ ಮದುವೆಗೆ ವಿಮಾನದಲ್ಲಿ ಹೋಗುವ ಯೋಗ ಬಂತು. ಬಿಡಿ ಬ್ಯಾಟರಿಗಳನ್ನು ಲಗೇಜಿಗೆ ಹಾಕುವಂತಿಲ್ಲ, ಕೈಚೀಲದಲ್ಲೇ ಇರಬೇಕು. ತುದಿಗಳು ಕೀಲಿಗೊಂಚಲಿಗೋ ಚಿಲ್ಲರೆಗೋ ತಾಗಿ ಶಾರ್ಟ್ ಆಗಬಾರದು. ನೂರು ವ್ಯಾಟ್ ಅವರ್ ಒಳಗಿದ್ದರೆ ತಕರಾರಿಲ್ಲ. ಕ್ಯಾಮೆರಾ ಬ್ಯಾಟರಿ ಹದಿಮೂರು, ಹದಿನಾರರ ಸುತ್ತಮುತ್ತ ಇರುವುದರಿಂದ ಅಲ್ಲಿ ಭಯವಿರಲಿಲ್ಲ. ಆದರೆ ಪ್ಲಾಸ್ಟಿಕ್ ಮುಚ್ಚಳಗಳೆಲ್ಲ ಯಾವ್ಯಾವುದೋ ಛತ್ರದಲ್ಲಿ ಕಳೆದಿದ್ದವು. ಮಾಮನ ಹೆಂಡತಿ ಮದುವೆಗಳಲ್ಲಿ ಬಂದ ಅರಿಶಿನ ಕುಂಕುಮದ ಪುಟ್ಟ ಜಿಪ್ ಕವರುಗಳನ್ನು ಒರೆಸಿ ಕೊಟ್ಟರು. ತಪಾಸಣೆಯ ಹುಡುಗಿ ಕೆಂಪಂಚಿನ ಲಕೋಟೆಯಂಥ ಬ್ಯಾಟರಿಗಳನ್ನು ಒಂದೊಂದಾಗಿ ಎತ್ತಿ ನೋಡಿ, ಬೆರಳಿಗೆ ಹತ್ತಿದ ಕುಂಕುಮ ಒರೆಸಿಕೊಂಡು, ಹೋಗಿ ಎಂದಳು.

ಮಾಮನ ಚೀಲದಲ್ಲಿ ಈಗಲೂ ಹೊರಗಿನ ಕಂಪನಿಯ ಬ್ಯಾಟರಿಗಳಿವೆ, ವಿಳಾಸವಿದ್ದವು. ಚಪ್ಪರ, ಆರತಕ್ಷತೆ, ಊಟದ ಪಂಕ್ತಿ, ಬೀಗರ ಗುಂಪು ಫೋಟೋ ಎಲ್ಲ ಅವುಗಳ ಪಾಲು. ಧಾರೆಗೆ ಹತ್ತು ನಿಮಿಷ ಮೊದಲು ಮಾತ್ರ ಅಂಗಿಯ ಜೇಬಿನಿಂದ ಒರಿಜಿನಲ್ ಇಳಿದು ಬರುತ್ತದೆ. ಹುಡುಗ ಅದಕ್ಕೆ ‘ದೇವರ ಬ್ಯಾಟರಿ’ ಎಂದು ಹೆಸರಿಟ್ಟಿದ್ದಾನೆ. ಮೂರನೆಯ ಲೋಕಲ್ ಏನಾಯಿತು ಎಂದು ಕೇಳಬಹುದು. ಅದು ಆರು ವರ್ಷದಿಂದ ಚೆನ್ನಾಗಿ ಕೆಲಸ ಮಾಡುತ್ತಿದೆ. ಮಾಮನ ತರ್ಕಕ್ಕೆ ಅದು ಒಗ್ಗುವುದಿಲ್ಲವಾದ್ದರಿಂದ ಅದರ ವಿಷಯ ಅವರು ಎತ್ತುವುದಿಲ್ಲ.

ಇನ್ನು ಆ ತಪ್ಪಿಹೋದ ಮುಹೂರ್ತ. ವಧುವಿನ ಚಿಕ್ಕಮ್ಮನ ಮಗ ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಸಿಕ್ಕಿತು, ಆಲ್ಬಮ್ಮಿನ ನಡುಪುಟಕ್ಕೆ ಅದನ್ನೇ ದೊಡ್ಡದು ಮಾಡಿಸುವಂತೆ ಬೀಗರು ಮಾಮನ ಸ್ಟುಡಿಯೋಕ್ಕೇ ತಂದುಕೊಟ್ಟರು. ತಾಳಿ, ಅಕ್ಷತೆ, ವಧುವಿನ ಬಾಗಿದ ತಲೆ ಎಲ್ಲ ಸ್ಪಷ್ಟವಾಗಿವೆ. ಬಲಗಡೆಯ ಮೂಲೆಯಲ್ಲಿ, ಬಾಯಲ್ಲೊಂದು ಬ್ಯಾಟರಿ ಕಚ್ಚಿಕೊಂಡು, ಕ್ಯಾಮೆರಾದ ಹೊಟ್ಟೆಯ ಬಾಗಿಲು ತೆರೆಯುತ್ತಿರುವ ಸ್ಟುಡಿಯೋ ಮಾಮನೂ ಅಷ್ಟೇ ಸ್ಪಷ್ಟವಾಗಿದ್ದಾರೆ. ಕತ್ತರಿಸಿ ತೆಗೆಯೋಣವೆಂದರೆ ಪಕ್ಕದಲ್ಲೇ ವರನ ಅಜ್ಜಿ ಇದ್ದರು. ಮಾಮ ಆ ಪುಟಕ್ಕೆ ಮಾತ್ರ ದುಡ್ಡು ತೆಗೆದುಕೊಳ್ಳಲಿಲ್ಲ.