ಇಲ್ಲಿ ಬೇಡ, ಇನ್ನೂ ಸ್ವಲ್ಪ ಮುಂದೆ

ಥೆಸಲೋನಿಕಿಯಲ್ಲಿ ಊಟಕ್ಕೆ ಎಲ್ಲಿ ಹೋಗಬೇಕು ಅಂತ ಆ ಊರಿನವರನ್ನು ಕೇಳಬಾರದು. ಕೇಳಿದರೆ ಅವರೂ ಜೊತೆಗೆ ಬರುತ್ತಾರೆ. ಅವರು ಬಂದರೆ ಊಟ ಎರಡು ಗಂಟೆ ತಡವಾಗುತ್ತದೆ.

ಗ್ರೀಸಿನ ಉತ್ತರದಲ್ಲಿ ಕೊಲ್ಲಿಯ ದಂಡೆಗೆ ಮೈಚಾಚಿಕೊಂಡಿರುವ ಈ ಊರು, ಅಥೆನ್ಸ್ ಬಿಟ್ಟರೆ ಆ ದೇಶದಲ್ಲೇ ದೊಡ್ಡದು. ‘ಅಥೆನ್ಸ್ ಬಿಟ್ಟರೆ’ ಎಂಬ ಭಾಗವನ್ನು ಅಲ್ಲಿ ಮೆಲ್ಲಗೆ ಹೇಳುವುದು ಕ್ಷೇಮ. ಊರಿನ ಪಾಲಕ ಸಂತ ದಿಮಿತ್ರಿಯೋಸ್. ಅಕ್ಟೋಬರ್ 26 ಅವನ ಹಬ್ಬ. ಹಳೇ ಕ್ಯಾಲೆಂಡರಿನ ಲೆಕ್ಕದಲ್ಲಿ 1912ರ ಅದೇ ದಿನ ಊರು ತುರ್ಕರ ಕೈಬಿಟ್ಟು ಗ್ರೀಸಿಗೆ ಸೇರಿತು. ಇಷ್ಟೆಲ್ಲ ಕೂಡಿಬಂದ ಮೇಲೆ ಗಂಡುಮಗುವಿಗೆ ದಿಮಿತ್ರಿಸ್ ಬಿಟ್ಟು ಬೇರೆ ಹೆಸರು ಹುಡುಕುವ ಉಸಾಬರಿ ಯಾರಿಗೆ ಬೇಕು? ಅರಿಸ್ಟೊಟೆಲೂಸ್ ಚೌಕದಲ್ಲಿ ನಿಂತು ‘ದಿಮಿತ್ರಿ!’ ಎಂದು ಒಂದು ಕೂಗು ಹಾಕಿದರೆ ಅರ್ಧ ಕುರ್ಚಿಗಳು ತಿರುಗುತ್ತವೆ. ನಾನು ಹೇಳಹೊರಟಿರುವುದು ಆ ತಿರುಗಿದವರಲ್ಲಿ ಯಾವ ಒಬ್ಬನ ಕಥೆಯೂ ಅಲ್ಲ, ಎಲ್ಲರದ್ದೂ.

ದಿಮಿತ್ರಿಸ್‌ಗೆ ಐವತ್ತು ದಾಟಿದೆ. ಸೂರ್ಯ ಮುಳುಗಿ ಮೂರು ತಾಸಾದರೂ ತಂಪು ಕನ್ನಡಕ ನೆತ್ತಿಯ ಮೇಲೇ ಇರುತ್ತದೆ. ಕೈಯಲ್ಲಿ ಒಂದು ಮಣಿಸರ. ಜಪಕ್ಕಲ್ಲ, ಬೆರಳಿಗೆ ಕೆಲಸ ಬೇಕಲ್ಲ, ಅದಕ್ಕೆ. ಅವನಿಗೂ ಒಂದು ಆಫೀಸಿದೆ, ಆದರೆ ಅದರ ಸುದ್ದಿ ಎತ್ತಬಾರದು. ಅವನ ನಿಜವಾದ ಉದ್ಯೋಗ, ಹೊರಗಿನಿಂದ ಬಂದವರು ತಪ್ಪು ಹೋಟೆಲಿಗೆ ಹೋಗದಂತೆ ಕಾಯುವುದು. ಸಂಬಳವಿಲ್ಲ, ರಜೆಯಿಲ್ಲ. 2021ರಲ್ಲಿ ಯುನೆಸ್ಕೊ ಥೆಸಲೋನಿಕಿಯನ್ನು ಆಹಾರಕ್ಕೆ ಹೆಸರಾದ ನಗರಗಳ ತನ್ನ ಪಟ್ಟಿಗೆ ಸೇರಿಸಿಕೊಂಡಿತು. ಗ್ರೀಸಿನಲ್ಲಿ ಆ ಗೌರವ ಸಿಕ್ಕ ಮೊದಲ ಊರು ಅದು. ದಿಮಿತ್ರಿಸ್‌ಗೆ ಇದರಿಂದ ಸಂತೋಷವಾಗಲಿಲ್ಲ, ಸಿಟ್ಟು ಬಂತು. ‘ಇಷ್ಟು ವರ್ಷ ಅವರೆಲ್ಲ ಎಲ್ಲಿ ಊಟ ಮಾಡುತ್ತಿದ್ದರಂತೆ?’

ಒಳ್ಳೆಯ ಹೋಟೆಲು ಯಾವುದೆಂದು ಅವನು ಹೇಳುವುದಿಲ್ಲ. ಯಾವುದು ಅಲ್ಲ ಎಂದು ಹೇಳುತ್ತ ಹೋಗುತ್ತಾನೆ. ಬಾಗಿಲಲ್ಲಿ ಒಬ್ಬ ನಿಂತು ಕೈಬೀಸಿ ಕರೆಯುತ್ತಿದ್ದರೆ ಬೇಡ. ಮೆನುವಿನಲ್ಲಿ ತಟ್ಟೆಯ ಫೋಟೊ ಇದ್ದರೆ ಬೇಡ. ಅದೇ ಮೆನು ಆರು ಭಾಷೆಯಲ್ಲಿದ್ದರೆ ಆ ಬೀದಿಯೇ ಬೇಡ. ಎದುರಿಗೆ ಸಮುದ್ರ ಕಾಣುತ್ತಿದ್ದರೆ ಸುತರಾಂ ಬೇಡ: ‘ಸಮುದ್ರ ನೋಡೋದಕ್ಕೆ ದುಡ್ಡು ಯಾಕೆ ಕೊಡ್ತೀರಿ? ಉಂಡು ಬಂದು ಪುಕ್ಕಟೆ ನೋಡಿ.’ ಖಾಲಿಯಿದ್ದರೆ ಬೇಡ, ಯಾಕೆಂದರೆ ಖಾಲಿಯಿದೆ. ತುಂಬಿದ್ದರೂ ಬೇಡ, ಯಾಕೆಂದರೆ ತುಂಬಿರುವವರು ಅಥೆನ್ಸಿನವರು. ಅವರಿಗೆ ಏನು ಗೊತ್ತು? ಹೀಗೆ ಒಂದೊಂದನ್ನೇ ತಳ್ಳಿಹಾಕುತ್ತ, ‘ಇಲ್ಲಿ ಬೇಡ, ಇನ್ನೂ ಸ್ವಲ್ಪ ಮುಂದೆ’ ಅನ್ನುತ್ತ ಅವನು ನಡೆಯುತ್ತಾನೆ. ಹಿಂದೆ ನಾವು, ನಮ್ಮ ಹಿಂದೆ ನಮ್ಮ ಹಸಿವು.

ಊರಿನಲ್ಲಿ ಎಲ್ಲಕ್ಕಿಂತ ಒಳ್ಳೆಯ ಜಾಗ ಒಂದಿತ್ತು. ಇತ್ತು. ಮುಚ್ಚಿಹೋಯಿತು. ಪ್ರತಿ ದಿಮಿತ್ರಿಸ್‌ಗೂ ಹೀಗೆ ಮುಚ್ಚಿಹೋದ ಒಂದು ಹೋಟೆಲು ಇದ್ದೇ ಇರುತ್ತದೆ, ಅದಕ್ಕೆ ಸರಿಸಾಟಿ ಇನ್ನೊಂದು ಹುಟ್ಟಿಲ್ಲ. ಈಗ ಅಲ್ಲಿ ಮೊಬೈಲ್ ಅಂಗಡಿ. ಅವನು ಅದರ ಗಾಜಿಗೆ ಹಣೆ ಹಚ್ಚಿ ನಿಂತು ನಮಗೂ ತೋರಿಸುತ್ತಾನೆ: ‘ಆ ಚಾರ್ಜರುಗಳು ನೇತಾಡ್ತಿವೆಯಲ್ಲ, ಅಲ್ಲಿ ಒಲೆ. ಆ ಹುಡುಗಿ ಕೂತಿದ್ದಾಳಲ್ಲ, ಅಲ್ಲಿ ಮಡಕೆ. ಎಂಥಾ ಬೀನ್ಸು ಅಂತೀರಿ!’ ಒಳಗಿನ ಹುಡುಗಿ ತಲೆ ಎತ್ತುವುದೂ ಇಲ್ಲ. ವಾರಕ್ಕೆ ನಾಲ್ಕು ಜನ ಬಂದು ಹೀಗೆ ಹಣೆ ಹಚ್ಚಿ ನಿಲ್ಲುವುದು ಅವಳಿಗೆ ರೂಢಿಯಾಗಿದೆ.

ಬೆಳಗಿನ ತಿಂಡಿಯ ಮಟ್ಟಿಗೆ ಮಾತ್ರ ಅವನು ಬೇಗ ತೀರ್ಮಾನಕ್ಕೆ ಬರುತ್ತಾನೆ: ಬುಗಾತ್ಸಾ. ಕೆಲವು ಹಳೇ ಅಂಗಡಿಗಳಲ್ಲಿ ಇದನ್ನು ಮಾಡುವುದು ಈಗಲೂ ಕಣ್ಣೆದುರಿಗೇ ಕಾಣುತ್ತದೆ. ಹಿಟ್ಟಿನ ಉಂಡೆಗೆ ಕೊಬ್ಬು ಸವರಿ, ಅಂಗೈಯಷ್ಟಗಲ ತಟ್ಟಿ, ಆಮೇಲೆ ಗಾಳಿಗೆ ಬೀಸಿ ಬೀಸಿ ಹಾಸುತ್ತಾರೆ. ನಾಲ್ಕು ಸಲ ಬೀಸುವಷ್ಟರಲ್ಲಿ ಅದು ಮೇಜಿನ ತುಂಬ ಹರಡಿ, ಕೆಳಗಿನ ಕಲ್ಲು ಕಾಣುವಷ್ಟು ತೆಳ್ಳಗಾಗುತ್ತದೆ. ಒಳಗೆ ರವೆಯ ಕ್ರೀಮೋ, ಗಿಣ್ಣೋ, ಕೈಮಾವೋ ಇಟ್ಟು ಮಡಚಿ ಬೇಯಿಸುತ್ತಾರೆ. ಅಗಲ ಕತ್ತಿಯಿಂದ ಟಕಟಕನೆ ತುಂಡು ಮಾಡಿ, ಕ್ರೀಮಿನದ್ದಾದರೆ ಮೇಲೆ ಸಕ್ಕರೆ ಪುಡಿ, ದಾಲ್ಚಿನ್ನಿ ಪುಡಿ ಉದುರಿಸಿ ಕಾಗದದ ಮೇಲೆ ಜಾರಿಸುತ್ತಾರೆ. ಕಪ್ಪು ಅಂಗಿ ಹಾಕಿಕೊಂಡು ಹೋಗಬೇಡಿ. ಕೂರಲು ಪುರಸೊತ್ತಿಲ್ಲದವರಿಗೆ ರಸ್ತೆ ಬದಿಯ ಗಾಡಿಯಲ್ಲಿ ಎಳ್ಳು ಮೆತ್ತಿದ ಕುಲೂರಿ ಎಂಬ ಬ್ರೆಡ್ಡಿನ ಬಳೆ ಸಿಗುತ್ತದೆ. ದಿಮಿತ್ರಿಸ್ ಅದನ್ನು ತಿನ್ನುತ್ತ ಬುಗಾತ್ಸಾ ಅಂಗಡಿಗೆ ನಡೆಯುತ್ತಾನೆ.

ಇಲ್ಲಿ ಅವನ ಅಜ್ಜಿ ಬರುತ್ತಾಳೆ. ಬುಗಾತ್ಸಾ ಈ ಊರಲ್ಲಿ ಹೀಗೆ ಬೇರೂರಿದ್ದು, ತುರ್ಕರ ಎದುರಿನ 1922ರ ಯುದ್ಧದ ಸೋಲು ಮತ್ತು ಮರುವರ್ಷದ ಜನರ ವಿನಿಮಯದಲ್ಲಿ ಏಷ್ಯಾ ಮೈನರ್ ಬಿಟ್ಟು ಬಂದ ನಿರಾಶ್ರಿತರ ಕೈಗುಣದಿಂದ. ದಿಮಿತ್ರಿಸ್‌ನ ಅಜ್ಜಿ ಅಲ್ಲಿನ ಸ್ಮಿರ್ನಾದವಳು. ಅಡುಗೆ ಕುರಿತ ಯಾವ ಜಗಳವಾದರೂ ‘ನಮ್ಮಜ್ಜಿ ಸ್ಮಿರ್ನಾದವಳು’ ಎಂಬ ತುರುಪು ಬಿದ್ದೊಡನೆ ಮುಗಿಯಬೇಕು. ತೊಂದರೆಯೆಂದರೆ ಎದುರು ಕೂತ ಇನ್ನೊಬ್ಬ ದಿಮಿತ್ರಿಸ್‌ನ ಅಜ್ಜಿಯೂ ಸ್ಮಿರ್ನಾದವಳೇ. ಆಗ ಜಗಳ ಯಾವ ಬೀದಿಯವಳು ಎಂಬಲ್ಲಿಗೆ ಹೋಗುತ್ತದೆ.

ತಿಂಡಿಯ ಮೇಲೆ ಕಾಫಿ. ಫಿಲ್ಟರ್ ಕಾಫಿ ಕುಡಿದು ಬೆಳೆದ ನಮ್ಮಂಥವರು ಇಲ್ಲಿ ಎದೆ ಗಟ್ಟಿ ಮಾಡಿಕೊಳ್ಳಬೇಕು. 1957ರಲ್ಲಿ ಈ ಊರಿನ ಅಂತರರಾಷ್ಟ್ರೀಯ ವಸ್ತುಪ್ರದರ್ಶನದಲ್ಲಿ ನೆಸ್ಲೆ ಮಳಿಗೆಯಲ್ಲಿದ್ದ ದಿಮಿತ್ರಿಸ್ ವಾಕೊಂದಿಯೋಸ್ ಎಂಬಾತನಿಗೆ (ಹೆಸರು ನೋಡಿದಿರಾ?) ಕಾಫಿ ಕುಡಿಯಬೇಕೆನಿಸಿತು, ಬಿಸಿನೀರು ಸಿಗಲಿಲ್ಲ. ಮಕ್ಕಳ ಚಾಕೊಲೇಟ್ ಪಾನೀಯ ಮಾಡಿ ತೋರಿಸಲು ತಂದಿದ್ದ ಶೇಕರಿನಲ್ಲೇ ಇನ್‌ಸ್ಟಂಟ್ ಪುಡಿ, ತಣ್ಣೀರು ಹಾಕಿ ಕುಲುಕಿಬಿಟ್ಟ. ನೊರೆ ಬಂತು, ಫ್ರಾಪೆ ಹುಟ್ಟಿತು. ನಮ್ಮ ಮನೆಗಳಲ್ಲಿ ಇದು ಗೃಹಿಣಿಯ ಕೋಪಕ್ಕೆ ಕಾರಣವಾಗುವಂಥ ಕೆಲಸ. ಗ್ರೀಸಿನಲ್ಲಿ ಇಡೀ ದೇಶದ ಬೇಸಿಗೆ ಅದರ ಮೇಲೆ ನಡೆಯಿತು. ಈಗಿನ ಹುಡುಗರು ಫ್ರೆಡ್ಡೊ ಎಸ್ಪ್ರೆಸೊ ಎಂಬ ತಣ್ಣನೆಯ ಇನ್ನೊಂದಕ್ಕೆ ಹೋಗಿದ್ದಾರೆ. ದಿಮಿತ್ರಿಸ್ ಹೋಗಿಲ್ಲ. ಒಂದು ಫ್ರಾಪೆ ಮುಂದಿಟ್ಟುಕೊಂಡು ಅವನು ನಿಕಿಸ್ ರಸ್ತೆಯ ಕಡಲ ಕಡೆಗಿನ ಕುರ್ಚಿಯಲ್ಲಿ ಎರಡು ಗಂಟೆ ಕೂರಬಲ್ಲ. ಯಾವ ಮಾಣಿಯೂ ಬಂದು ‘ಬೇರೆ ಏನು ಬೇಕು ಸಾರ್’ ಅನ್ನುವುದಿಲ್ಲ, ಮೇಜು ಒರೆಸಿ ಎಬ್ಬಿಸುವುದಿಲ್ಲ. ಕಡಲು ಕಾಣುವ ಜಾಗದಲ್ಲಿ ಕೂರಬಾರದೆಂಬ ನಿಯಮ ಕಾಫಿಗೆ ಅನ್ವಯಿಸುವುದಿಲ್ಲವಂತೆ. ಆಕಾಶ ತಿಳಿಯಾಗಿದ್ದರೆ ಕೊಲ್ಲಿಯಾಚೆ ಒಲಿಂಪಸ್ ಬೆಟ್ಟ ಕಾಣುತ್ತದೆ. ದೇವತೆಗಳೂ ನೋಡುತ್ತಿರುವುದು ಇತ್ತ ಕಡೆಗೇ ಎಂದು ಅವನ ನಂಬಿಕೆ.

ಮಧ್ಯಾಹ್ನ ಕಪಾನಿ ಮಾರುಕಟ್ಟೆ ತೋರಿಸುತ್ತಾನೆ. ತೊಟ್ಟಿಗಳಲ್ಲಿ ಆಲಿವ್, ಮಂಜುಗಡ್ಡೆಯ ಮೇಲೆ ಮೀನು, ಎದುರುಬದುರು ನಿಂತು ಒಬ್ಬರನ್ನೊಬ್ಬರು ಮೀರಿ ಕೂಗುವ ವ್ಯಾಪಾರಿಗಳು. ಪಕ್ಕದಲ್ಲೇ ಮೊದಿಯಾನೊ ಮಾರುಕಟ್ಟೆ. 1917ರ ಬೆಂಕಿಯಲ್ಲಿ ಊರಿನ ನಡುಭಾಗ ಸುಟ್ಟುಹೋದ ಮೇಲೆ ಎಲಿ ಮೊದಿಯಾನೊ ಎಂಬ ಯೆಹೂದಿ ವಾಸ್ತುಶಿಲ್ಪಿ ಕಟ್ಟಿದ್ದು. 1492ರಲ್ಲಿ ಸ್ಪೇನ್ ಹೊರಗಟ್ಟಿದ ಯೆಹೂದಿಗಳು ಈ ಊರಿಗೆ ಬಂದು ನೆಲೆಸಿ ಶತಮಾನಗಳ ಕಾಲ ಅದರ ಬೆನ್ನೆಲುಬಾಗಿದ್ದರು. 1943ರಲ್ಲಿ ನಾತ್ಸಿಗಳು ಅವರನ್ನು ರೈಲಿಗೆ ತುಂಬಿ ಕೊಲ್ಲಲು ಸಾಗಿಸಿದರು. ದಿಮಿತ್ರಿಸ್ ತಮಾಷೆ ಮಾಡದೆ ಹೇಳುವ ಸಂಗತಿ ಇದೊಂದೇ. ಆಮೇಲೆ ಮತ್ತೆ ತನ್ನ ಧಾಟಿಗೆ ಬರುತ್ತಾನೆ. ಮೊದಿಯಾನೊ ವರ್ಷಗಟ್ಟಲೆ ಪಾಳುಬಿದ್ದಿದ್ದಾಗ ‘ಇದನ್ನು ದುರಸ್ತಿ ಮಾಡುವ ಗಂಡಸೇ ಇಲ್ಲವೇ’ ಎಂದು ಗೊಣಗುತ್ತಿದ್ದ. 2022ರ ಕೊನೆಗೆ ಥಳಥಳ ಹೊಳೆಯುತ್ತ ಬಾಗಿಲು ತೆರೆದಾಗ ‘ಇದನ್ನು ಯಾಕೆ ಮುಟ್ಟಿದರೋ’ ಅಂದ. ಮೆಟ್ರೊ ವಿಷಯದಲ್ಲೂ ಇದೇ. 2006ರಲ್ಲಿ ಶುರುವಾದ ಕಾಮಗಾರಿ, ಅಗೆದಲ್ಲೆಲ್ಲ ಪುರಾತನ ಊರೇ ಸಿಕ್ಕಿ, 2024ರ ನವೆಂಬರ್ 30ರಂದು ಮುಗಿದು ರೈಲು ಓಡಿತು. ಹದಿನೆಂಟು ವರ್ಷ ಬೈದುಕೊಂಡು ಓಡಾಡಿದ ತಡೆಗೋಡೆಗಳು ಈಗಿಲ್ಲ, ಹೋಟೆಲಿನ ಗುರುತೇ ಸಿಗುತ್ತಿಲ್ಲ ಎಂದು ಹೊಸ ದೂರು.

ರಾತ್ರಿ ಊಟ ಒಂಬತ್ತೂವರೆಯ ಮೇಲೆ. ಏಳು ಗಂಟೆಗೆ ಹಸಿವಾಗುವ ನಮ್ಮನ್ನು ಅವನು ಆಸ್ಪತ್ರೆಗೆ ಕರೆದೊಯ್ಯಬೇಕೇ ಎಂಬಂತೆ ನೋಡುತ್ತಾನೆ. ಲದಾದಿಕಾ ಬೀದಿಗಳಲ್ಲಿ ಒಂದು ಸುತ್ತು ಹಾಕಿಸುತ್ತಾನೆ. 1917ರ ಬೆಂಕಿಗೆ ಸಿಗದೆ ಉಳಿದ ಹಳೇ ಎಣ್ಣೆ ಮಂಡಿಗಳು ಅವು, ಈಗ ಸಾಲುಸಾಲು ಹೋಟೆಲು. ಘಮಘಮ ಅನ್ನುತ್ತಿರುತ್ತದೆ. ಅಲ್ಲಿ ಬೇಡ. ಕೊನೆಗೆ ಕಾಲು ಸೋತು ನಿಲ್ಲುವುದು ತೊಸಿತ್ಸಾ ಬೀದಿಯ ಬಳಿಯ ಬಿತ್ ಬಜಾರಿನಲ್ಲಿ. ಹಗಲು ಹಳೇ ಗಡಿಯಾರ, ಮುರುಕು ಕುರ್ಚಿ, ಹಿತ್ತಾಳೆ ದೀಪ ಮಾರುವ ಅಂಗಳ. ರಾತ್ರಿ ಅದೇ ಅಂಗಳದ ತುಂಬ ಮೇಜು. ಮಾಣಿ ಬಂದು ಮೇಜಿಗೆ ಹೊಸ ಕಾಗದ ಹಾಸಿ, ಗಾಳಿಗೆ ಹಾರದಂತೆ ಅಂಚಿಗೆ ಕ್ಲಿಪ್ಪು ಸಿಕ್ಕಿಸಿ, ಕೇಳದೆಯೇ ಬ್ರೆಡ್ಡಿನ ಬುಟ್ಟಿ ಇಡುತ್ತಾನೆ. ಬ್ರೆಡ್ಡಿಗೆ ಸಾಮಾನ್ಯವಾಗಿ ಬಿಲ್ಲಿನಲ್ಲಿ ದುಡ್ಡು ಬರುತ್ತದೆ, ಗೊತ್ತಿರಲಿ.

ನೀವು ಸಸ್ಯಾಹಾರಿಯಾದರೆ ದಿಮಿತ್ರಿಸ್ ಕರಗಿಹೋಗುತ್ತಾನೆ, ಕನಿಕರದಿಂದ. ಯಾವ ಡಾಕ್ಟರು ಹೇಳಿದ್ದು ಅಂತ ಕೇಳುತ್ತಾನೆ. ಇದಕ್ಕೊಂದು ಉಪಾಯವಿದೆ. ‘ನಿಸ್ತೀಸಿಮೊ’, ಅಂದರೆ ವ್ರತದ ಅಡುಗೆ, ಏನಿದೆ ಎಂದು ಕೇಳಿ. ಈಸ್ಟರಿಗೆ ಮುಂಚಿನ ಏಳು ವಾರಗಳೂ, ಜೊತೆಗೆ ಎಷ್ಟೋ ಬುಧವಾರ ಶುಕ್ರವಾರಗಳೂ ವ್ರತ ಹಿಡಿದವರಿಗೆ ಮಾಂಸ, ಹಾಲು, ಮೊಟ್ಟೆ ವರ್ಜ್ಯ. ಹಾಗಾಗಿ ಆಲಿವ್ ಎಣ್ಣೆಯಲ್ಲಿ ಬೆಂದ ದೊಡ್ಡ ಬೀನ್ಸು, ಅಕ್ಕಿ ತುಂಬಿದ ಟೊಮೆಟೊ, ಸುಟ್ಟ ಬದನೆಕಾಯಿ ಗೊಜ್ಜು, ನಿಂಬೆ ಹಿಂಡಿದ ಕಾಡುಸೊಪ್ಪು, ಇವೆಲ್ಲ ಆ ಅಡುಗೆಮನೆಗೆ ಹೊಸದೇನಲ್ಲ. ಆದರೆ ಎಚ್ಚರ: ರಕ್ತವಿಲ್ಲದ ಪ್ರಾಣಿ ಎಂಬ ಲೆಕ್ಕದಲ್ಲಿ ಆಕ್ಟೋಪಸ್, ಸಿಗಡಿ, ಚಿಪ್ಪಿಕಲ್ಲು ವ್ರತಕ್ಕೆ ನಡೆಯುತ್ತವೆ. ಕಡುವ್ರತದ ಶುಕ್ರವಾರ ದಿಮಿತ್ರಿಸ್‌ನ ಮುಂದೆ ಆಕ್ಟೋಪಸ್ಸಿನ ಎಂಟು ಕಾಲೂ ಇರುತ್ತವೆ. ಹಾಲು ಗಿಣ್ಣು ನಡೆಯುವವರು ಬುಯುರ್ದಿ ಹೇಳಬೇಕು: ಮಣ್ಣಿನ ತಟ್ಟೆಯಲ್ಲಿ ಫೆಟಾ, ಟೊಮೆಟೊ, ಹಸಿ ಮೆಣಸಿನಕಾಯಿ ಹಾಕಿ ಒಲೆಯಲ್ಲಿ ಕುದಿಸಿ ತರುತ್ತಾರೆ. ಮೇಲೆ ಬುಕೊವೊ ಎಂಬ ಕೆಂಪು ಮೆಣಸಿನ ಚೂರು. ಪರದೇಶದಲ್ಲಿ ನಾಲಿಗೆಗೆ ಜೀವ ಬರುವುದು ಆವಾಗ.

ಕುಡಿಯುವುದು ತ್ಸಿಪುರೊ. ದ್ರಾಕ್ಷಿ ಹಿಂಡಿ ಉಳಿದ ಹಿಪ್ಪೆಯಿಂದ ಭಟ್ಟಿ ಇಳಿಸಿದ್ದು. ಪುಟ್ಟ ಬಾಟಲಿಯಲ್ಲಿ ಬರುತ್ತದೆ. ಸೋಂಪು ಹಾಕಿದ್ದೋ, ಹಾಕದ್ದೋ ಎಂಬಲ್ಲಿ ಊರು ಎರಡು ಪಂಗಡ. ಸೋಂಪಿನದ್ದಕ್ಕೆ ನೀರು ಬೆರೆಸಿದರೆ ಹಾಲಿನಂತಾಗುತ್ತದೆ. ದಿಮಿತ್ರಿಸ್ ಹಾಕದ್ದರ ಪಂಗಡ, ಅವನ ಗೆಳೆಯ ದಿಮಿತ್ರಿಸ್ ಹಾಕಿದ್ದರ ಪಂಗಡ, ಅಜ್ಜಿಯರು ಮತ್ತೆ ಬರುತ್ತಾರೆ. ತಟ್ಟೆಗಳೆಲ್ಲ ನಡುವೆ ಇಟ್ಟಿರುತ್ತವೆ, ಎಲ್ಲರ ಫೋರ್ಕೂ ಎಲ್ಲದಕ್ಕೂ. ಎಂಜಲು ಎಂದು ಹಿಂಜರಿದು ಕೂತರೆ ಹಸಿದುಕೊಂಡೇ ಏಳಬೇಕಾಗುತ್ತದೆ. ಒಬ್ಬನೇ ಒಂದು ತಟ್ಟೆ ತರಿಸಿಕೊಂಡು ಅದನ್ನೇ ಉಂಡು ಎದ್ದುಹೋದರೆ, ಅವನು ಊಟ ಮಾಡಿದ ಲೆಕ್ಕಕ್ಕೇ ಬರುವುದಿಲ್ಲ. ದಿಮಿತ್ರಿಸ್ ಬೆಳಗಿನಿಂದ ಹುಡುಕಿದ್ದು ಹೋಟೆಲನ್ನಲ್ಲ, ಜಗಳವಾಡಲು ಐದಾರು ಜನ ಹಿಡಿಸುವ ಮೇಜನ್ನು ಎಂದು ನನಗೆ ಅನುಮಾನ. ಯಾಕೆಂದರೆ ಈ ಹೋಟೆಲಿನ ಮೆನುವಿನಲ್ಲೂ ಫೋಟೊಗಳಿವೆ. ತೋರಿಸಿದರೆ ‘ಅದು ಬೇರೆ’ ಅನ್ನುತ್ತಾನೆ.

ಕೊನೆಗೆ ಹೇಳದಿದ್ದರೂ ಹೋಟೆಲಿನ ಕಡೆಯಿಂದ ಒಂದು ಸಿಹಿ ಬರುತ್ತದೆ, ಬಿಲ್ಲಿಗೆ ಸೇರುವುದಿಲ್ಲ. ಇಲ್ಲಿ ಅದು ಹೆಚ್ಚಾಗಿ ರವೆ ಹಲ್ವ. ಒಂದು ಪಾಲು ಎಣ್ಣೆ, ಎರಡು ರವೆ, ಮೂರು ಸಕ್ಕರೆ, ನಾಲ್ಕು ನೀರು. ಲೆಕ್ಕ ಮಕ್ಕಳಿಗೂ ಬಾಯಿಪಾಠ. ತುಪ್ಪದ ಬದಲು ಆಲಿವ್ ಎಣ್ಣೆಯಲ್ಲಿ ಹುರಿದ, ಕೇಸರಿ ಬಣ್ಣ ಮರೆತ ನಮ್ಮ ಕೇಸರಿಬಾತೇ. ಈ ಲೆಕ್ಕವನ್ನು ನಾವೂ ಬಲ್ಲೆವೆಂದು ದಿಮಿತ್ರಿಸ್‌ಗೆ ಹೇಳಿ ನೋಡಿ. ನಿಮ್ಮಜ್ಜಿ ಎಲ್ಲಿಯವಳು ಎಂದು ಕೇಳುತ್ತಾನೆ.

ಗೋಡೆಯ ಮೇಲೆ ಕಾನೂನಿನ ಪ್ರಕಾರ ಒಂದು ಬೋರ್ಡು ತೂಗುಹಾಕಿದೆ: ರಸೀದಿ ಕೊಡದಿದ್ದರೆ ಗಿರಾಕಿ ದುಡ್ಡು ಕೊಡಬೇಕಾಗಿಲ್ಲ. ಓದಿ ನಮಗೆ ಆಸೆ ಹುಟ್ಟುವಷ್ಟರಲ್ಲಿ ದಿಮಿತ್ರಿಸ್ ಕೈತೊಳೆದು ಬರುತ್ತೇನೆಂದು ಎದ್ದುಹೋಗುತ್ತಾನೆ. ಹೋಗುವುದು ನಲ್ಲಿಗಲ್ಲ, ಗಲ್ಲಾಪೆಟ್ಟಿಗೆಗೆ. ಅಲ್ಲಿ ಹೋದರೆ ಗೆಳೆಯ ದಿಮಿತ್ರಿಸ್ ಬರುವಾಗಲೇ ಕಾರ್ಡು ಕೊಟ್ಟಿಟ್ಟಿದ್ದಾನೆ. ಇಬ್ಬರೂ ಮಾಲೀಕನನ್ನು ನಡುವೆ ನಿಲ್ಲಿಸಿಕೊಂಡು ‘ಅವನ ದುಡ್ಡು ಮುಟ್ಟಿದರೆ ನಿನ್ನ ಹೋಟೆಲಿಗೆ ಮತ್ತೆ ಕಾಲಿಡಲ್ಲ’ ಎಂದು ಒಬ್ಬರಾದ ಮೇಲೊಬ್ಬರು ಕೂಗುತ್ತಾರೆ. ಪಕ್ಕದ ಮೇಜಿನವರೂ ತಮ್ಮ ತೀರ್ಪು ಹೇಳುತ್ತಾರೆ. ಮಾಲೀಕನೂ ಬೇಸತ್ತು, ಇದು ನನ್ನ ಲೆಕ್ಕದ್ದು ಎಂದು ಇನ್ನೊಂದು ಬಾಟಲಿ ತ್ಸಿಪುರೊ ತಂದು ಮೇಜಿನ ಮೇಲೆ ಕುಕ್ಕುತ್ತಾನೆ. ಕುಡಿಯುವುದಾದ ಮೇಲೆ ನಂಜಿಕೊಳ್ಳಲು ಏನಾದರೂ ಬೇಕಲ್ಲ, ದಿಮಿತ್ರಿಸ್ ಮತ್ತೆ ಮೆನು ಕೇಳುತ್ತಾನೆ.