ಪಾಪಪರಿಮಾಣ ಮೀಮಾಂಸೆ, ಅಥವಾ ಕಪಿಲೆಯ ಮಾನದಲ್ಲಿ ಕನ್ನಡಿಗರ ಲೆಕ್ಕಪತ್ರ

ಅನುಬಂಧ ಚತುಷ್ಟಯ

ಶಾಸ್ತ್ರಗ್ರಂಥ ಬರೆಯಲು ಹೊರಟವನು ಮೊದಲು ನಾಲ್ಕು ಸಂಗತಿಗಳನ್ನು ಒಪ್ಪಿಸಬೇಕೆಂಬುದು ಹಿರಿಯರ ಕಟ್ಟಳೆ: ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ. ಇಲ್ಲಿ ವಿಷಯ ಪಾಪ. ಅದು ಇದೆಯೋ ಇಲ್ಲವೋ, ಇದ್ದರೆ ಎಷ್ಟಿದೆ, ಯಾರ ಹೆಸರಿನಲ್ಲಿದೆ, ತೀರುವಳಿ ಹೇಗೆ ಎಂದು ತಿಳಿಸುವುದು ಪ್ರಯೋಜನ. ಸಂಬಂಧ ಮಾತ್ರ ಸ್ವಲ್ಪ ಸೂಕ್ಷ್ಮ. ಓದುವವರೆಲ್ಲ ಇದು ತಮ್ಮ ಷಡ್ಡಕನನ್ನು ಕುರಿತು ಬರೆದದ್ದೆಂದೇ ತಿಳಿಯುವುದರಿಂದ, ಗ್ರಂಥಕ್ಕೂ ಓದುಗನಿಗೂ ಇರುವುದು ಹೆಂಡತಿ ಕಡೆಯ ಸಂಬಂಧ. ಇನ್ನು ಅಧಿಕಾರಿ, ಅಂದರೆ ಓದಲು ಅರ್ಹನಾದವನು. ವೇದಾಂತ ಓದುವುದಕ್ಕೆ ಶಮದಮಾದಿ ಸಂಪತ್ತು ಬೇಕು. ಈ ಗ್ರಂಥಕ್ಕೆ ಅಷ್ಟೆಲ್ಲ ಬೇಡ. ಒಮ್ಮೆಯಾದರೂ ಟಿಕೆಟ್ ತೆಗೆದುಕೊಳ್ಳದೆ ಬಸ್ಸಿಳಿದಿದ್ದರೆ ಸಾಕು.

ಅಸ್ತಿತ್ವಾಧಿಕರಣ

ಪೂರ್ವಪಕ್ಷ ಚಾರ್ವಾಕನದು. ಕಣ್ಣಿಗೆ ಕಂಡದ್ದೇ ಪ್ರಮಾಣ ಎನ್ನುವ ಈ ಮಹಾಶಯನ ವಾದ ಹೀಗಿದೆ: ಪಾಪವನ್ನು ಯಾರೂ ತಕ್ಕಡಿಯಲ್ಲಿಟ್ಟು ತೂಗಿಲ್ಲ, ಯಮಲೋಕದಿಂದ ಯಾರೂ ರಸೀದಿ ತಂದಿಲ್ಲ, ಚಿತ್ರಗುಪ್ತನ ಕಡತವನ್ನು ಯಾವ ಲೆಕ್ಕಪರಿಶೋಧಕನೂ ನೋಡಿಲ್ಲ, ಆದ್ದರಿಂದ ಪಾಪವಿಲ್ಲ.

ಇದಕ್ಕೆ ಸಮಾಧಾನ. ಚಾರ್ವಾಕನನ್ನು ಒಂದು ಶನಿವಾರ ಸಂಜೆ ಆಂಜನೇಯನ ಗುಡಿಗೆ ಕರೆದೊಯ್ಯತಕ್ಕದ್ದು. ಭಕ್ತಿ ಬೇಕಿಲ್ಲ, ಪ್ರಸಾದದ ಪುಳಿಯೋಗರೆಗೆಂದು ಬಂದರೂ ಆದೀತು. ಹೊಸ ಚಪ್ಪಲಿಯನ್ನು ಹೊರಗೆ ಬಿಡಿಸತಕ್ಕದ್ದು. ದೊನ್ನೆ ನೆಕ್ಕಿಕೊಂಡು ಹೊರಬಂದಾಗ ಅವನ ಜೋಡು ಇರುವುದಿಲ್ಲ. ಅದಿದ್ದ ಜಾಗದಲ್ಲಿ ಹಿಮ್ಮಡಿ ಸವೆದು ಬೆಳಕು ಕಾಣುವ, ಉಂಗುಷ್ಠ ಕಿತ್ತುಹೋಗಿ ಪಿನ್ನು ಚುಚ್ಚಿದ, ಬೇರೆ ಯಾರದೋ ಹಳೆಯ ಜೋಡು ಬಿದ್ದಿರುತ್ತದೆ. ಆಗ ಚಾರ್ವಾಕನ ಬಾಯಿಂದ ಹೊರಡುವ ಸೂತ್ರ: "ಯಾವ ಪಾಪಿ ಹೊತ್ಕೊಂಡು ಹೋದ್ನೋ, ಅವನ ಕಾಲಿಗೆ ಹುಳ ಬೀಳ!" ಪಾಪ, ಪಾಪಿ, ಪಾಪಫಲ ಮೂರೂ ಒಂದೇ ವಾಕ್ಯದಲ್ಲಿ ಸಿದ್ಧಿಸಿದವು. ಇತ್ತ ಚಪ್ಪಲಿ ಒಯ್ದವನನ್ನು ಕೇಳಿದರೆ "ಕತ್ತಲಲ್ಲಿ ಅದಲುಬದಲಾಯ್ತು" ಎನ್ನುತ್ತಾನೆ. ಅವನ ದೃಷ್ಟಿಯಲ್ಲಿ ನಡೆದದ್ದು ಬರಿಯ ಭೌತಿಕ ಚಲನೆ. ಆದ್ದರಿಂದ ಮೊದಲ ಸಿದ್ಧಾಂತ: ಪಾಪ ಇದೆ. ಮಾಡಿದವನಿಗೆ ಅದು ಕಾಣುವುದಿಲ್ಲ. ಕಳೆದುಕೊಂಡವನಿಗೆ ಕನ್ನಡಕವಿಲ್ಲದೆಯೂ ಕಾಣುತ್ತದೆ.

ಅನುಮಾನ ಪ್ರಮಾಣವೂ ಉಂಟು. ಹೊಗೆ ಕಂಡರೆ ಬೆಟ್ಟದಲ್ಲಿ ಬೆಂಕಿಯಿದೆ ಎಂದು ತಾರ್ಕಿಕರು ಹೇಳುವರಷ್ಟೆ. ಅದೇ ನ್ಯಾಯದಿಂದ, ಹುಂಡಿ ತುಂಬಿದರೆ ಊರಲ್ಲಿ ಪಾಪವಿದೆ. ಲೆಕ್ಕ ಮೀರಿ ತುಂಬಿದರೆ ಊರಲ್ಲಿ ರಿಯಲ್ ಎಸ್ಟೇಟ್ ಇದೆ.

ಮಾನಾಧಿಕರಣ

ಇರುವ ವಸ್ತುವಿಗೆ ಅಳತೆ ಇರಲೇಬೇಕು. ರಾಗಿಗೆ ಸೇರು, ಅಡಿಕೆಗೆ ಕ್ವಿಂಟಲ್, ಪಾಪಕ್ಕೇನು? ಉತ್ತರ ನಮ್ಮ ಕಲ್ಲುಗಳ ಮೇಲೇ ಇದೆ. ಕರ್ನಾಟಕದ ದಾನಶಾಸನಗಳ ಕೊನೆಯಲ್ಲಿ ಒಂದು ಎಚ್ಚರಿಕೆ ಇರುವುದು ವಾಡಿಕೆ: ಈ ದತ್ತಿಯನ್ನು ಕೆಡಿಸಿದವನು ವಾರಣಾಸಿಯಲ್ಲೋ ಕುರುಕ್ಷೇತ್ರದಲ್ಲೋ ಸಾವಿರ ಕಪಿಲೆಗಳನ್ನು, ಅಂದರೆ ಕಂದು ಹಸುಗಳನ್ನು, ಕೊಂದ ಪಾಪಕ್ಕೆ ಹೋಗುತ್ತಾನೆ. ಹೀಗೆ ಕಪಿಲೆಯೇ ಪಾಪದ ಮೂಲಮಾನವೆಂದು ನಿಷ್ಕರ್ಷೆಯಾಯಿತು. ಕೊಂದ ಸ್ಥಳವನ್ನೂ ನಮೂದಿಸಿರುವುದು ಗಮನಾರ್ಹ. ಮಾನ ಊರಿಂದೂರಿಗೆ ಬದಲಾಗದಿರಲೆಂದು ತೀರ್ಥಕ್ಷೇತ್ರದ ದರವನ್ನೇ ಹಿಡಿದಿದ್ದಾರೆ. ಕಾಲಮಾನ ಬೇಕಾದವರಿಗೆ ತಾಮ್ರಪಟಗಳಲ್ಲಿ ಇನ್ನೊಂದು ಕೋಷ್ಟಕವಿದೆ: ಭೂಮಿ ಕಸಿದವನು ಅರುವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿರುತ್ತಾನೆ. ಮುಂಗಡ ಬಿಡುಗಡೆಯ ಪ್ರಸ್ತಾಪ ಎಲ್ಲೂ ಇಲ್ಲ.

ಕ್ರಿ.ಶ. ಸುಮಾರು 450ರದೆಂದು ಹೇಳುವ ಹಲ್ಮಿಡಿ ಶಾಸನವೂ ದತ್ತಿ ಕೆಡಿಸುವವನಿಗೆ ಮಹಾಪಾತಕ ಕಾದಿದೆ ಎನ್ನುತ್ತದೆ. ಕನ್ನಡ ಭಾಷೆ ಕಲ್ಲಿನ ಮೇಲೆ ಇನ್ನೂ ಅಂಬೆಗಾಲಿಡುತ್ತಿದ್ದಾಗಲೇ ಜಮೀನು ಹೊಡೆಯುವವರ ಭಯ ಅದಕ್ಕಿತ್ತು ಎಂದಾಯಿತು. ನಮ್ಮ ಸಾಹಿತ್ಯ ಹುಟ್ಟುವ ಮೊದಲೇ ನಮ್ಮ ಒತ್ತುವರಿ ಹುಟ್ಟಿದೆ.

ಈ ಮಾನ ಎಷ್ಟು ಪರಿಣಾಮಕಾರಿ ಎಂದು ತಿಳಿಯಬೇಕಾದರೆ ಹಳ್ಳಿಯ ಕೆರೆಯ ಮೆಟ್ಟಿಲಿಗೆ ಹೋಗಿ ನೋಡಬೇಕು. ನೀರಿನಂಚಿನಲ್ಲಿ ಓರೆಯಾಗಿ ಒಂದು ಚಪ್ಪಡಿ. ನೆತ್ತಿಯಲ್ಲಿ ಸೂರ್ಯ, ಚಂದ್ರ. ಕೆಳಗೆ ಕರುವಿಗೆ ಹಾಲೂಡುತ್ತಿರುವ ಹಸು. ಅದರ ಕೆಳಗೆ ಹಳಗನ್ನಡದ ಸಾಲುಗಳು. ಕೊನೆಯ ಸಾಲುಗಳು, ಅಂದರೆ ಶಾಪವಿದ್ದ ಭಾಗ, ನುಣ್ಣಗೆ ಸವೆದಿವೆ, ಏಕೆಂದರೆ ಬಟ್ಟೆ ಕುಕ್ಕುವುದು ಅಲ್ಲೇ. ಸೂರ್ಯಚಂದ್ರರು ಇರುವ ತನಕ ನಡೆಯಲೆಂದು ಕೊಟ್ಟ ದತ್ತಿಯ ಮೇಲೆ ಸೋಪಿನ ನೊರೆ ಇಳಿಯುತ್ತಿದೆ. ದತ್ತಿಯ ಗದ್ದೆ ಎಲ್ಲಿ ಎಂದು ಕೇಳಿದರೆ ಯಾರೂ ಹೇಳಲಾರರು. ಕೆರೆಯಲ್ಲಿ ಒಂದೆರಡು ಹುಳುಗಳು ಕಂಡವಾದರೂ, ಅವು ಯಾವ ಶತಮಾನದ ಶ್ಯಾನುಭೋಗರು ಎಂದು ಗುರುತಿಸುವ ಶಾಸ್ತ್ರ ಇನ್ನೂ ಬೆಳೆದಿಲ್ಲ.

ಸಣ್ಣಪುಟ್ಟ ವ್ಯವಹಾರಕ್ಕೆ ಕಪಿಲೆ ದೊಡ್ಡದಾಗುವುದರಿಂದ ಪ್ರಸ್ತುತ ಗ್ರಂಥಕರ್ತನು ಮಿಲಿಕಪಿಲೆಯನ್ನು ಸೂಚಿಸುತ್ತಾನೆ. ಮದುವೆ ಊಟದ ಮೊದಲ ಪಂಕ್ತಿಯಲ್ಲಿ ಕರವಸ್ತ್ರ ಹಾಸಿ ಜಾಗ ಹಿಡಿಯುವುದು ಎರಡು ಮಿಲಿಕಪಿಲೆ. ಉಂಡೆದ್ದು ಎರಡನೆಯ ಪಂಕ್ತಿಯಲ್ಲೂ ಕೂರುವುದು ಏಳು. ಸಾರು ಸಪ್ಪೆಯೆಂದು ಹೆಣ್ಣಿನ ತಂದೆಯ ಕಿವಿಗೆ ಬೀಳುವಂತೆ ಹೇಳುವುದು ಒಂದು ಪೂರ್ಣ ಕಪಿಲೆ, ಕರುವಿನ ಸಮೇತ.

ಭೇದಾಧಿಕರಣ

ಸ್ಮೃತಿಕಾರರು ಮಹಾಪಾತಕ ಐದೆಂದು ಎಣಿಸಿದ್ದಾರೆ: ಬ್ರಹ್ಮಹತ್ಯೆ, ಸುರಾಪಾನ, ಬಂಗಾರದ ಕಳವು, ಗುರುಪತ್ನೀಗಮನ, ಮತ್ತು ಈ ನಾಲ್ಕರಲ್ಲಿ ಒಂದನ್ನು ಮಾಡಿದ ಯಾರೊಂದಿಗಾದರೂ ಒಂದು ವರ್ಷದ ಒಡನಾಟ. ಐದನೆಯದರಲ್ಲಿ ವರ್ಷವೆಂದು ಗಡುವು ಹಾಕಿರುವ ದೂರದೃಷ್ಟಿಗೆ ತಲೆಬಾಗಬೇಕು. ನಮ್ಮ ಜನಪ್ರತಿನಿಧಿಗಳು ಹನ್ನೊಂದನೆಯ ತಿಂಗಳಲ್ಲಿ ಪಕ್ಷ ಬದಲಿಸುವುದು ಅಧಿಕಾರದಾಸೆಯಿಂದ ಎಂಬ ಆರೋಪ ಅಶಾಸ್ತ್ರೀಯ. ಅದು ಪಾತಕಭೀತಿ.

ಇನ್ನೊಂದು ಭೇದ ಯಾಜ್ಞವಲ್ಕ್ಯ ಸ್ಮೃತಿಯಲ್ಲಿದೆ. ನಾಲ್ಕು ಜನಕ್ಕೆ ಗೊತ್ತಾದ ಪಾಪಕ್ಕೆ ಪರಿಷತ್ತು ಹೇಳಿದ ವ್ರತ ಮಾಡಬೇಕು. ಗೊತ್ತಾಗದ ಪಾಪಕ್ಕೆ ರಹಸ್ಯ ವ್ರತ ಸಾಕು. ಈ ತತ್ತ್ವ ಇಂದಿಗೂ ಜಾರಿಯಲ್ಲಿದೆ. ಸಿಕ್ಕಿಬಿದ್ದವನಿಗೆ ವಿಚಾರಣಾ ಸಮಿತಿ, ಸಿಕ್ಕಿಬೀಳದವನಿಗೆ ಸನ್ಮಾನ ಸಮಿತಿ.

ಸಾಗಣೆ ಅಧಿಕರಣ

ಪಾಪ ತೊಳೆದರೆ ಹೋಗುತ್ತದೆ ಎನ್ನುತ್ತಾರೆ. ಹೋಗುವುದು ಎಲ್ಲಿಗೆ? ದೇಶದ ಪಾಪವೆಲ್ಲ ಗಂಗೆಗೆ ಹೋಗುತ್ತದೆ. ಹೊತ್ತು ಸಾಕಾದ ಗಂಗೆ ತುಲಾಮಾಸದಲ್ಲಿ ನಮ್ಮ ಕಾವೇರಿಗೆ ಬಂದು ಮಿಂದು ಹಗುರಾಗುತ್ತಾಳೆ ಎಂಬುದು ಕೊಡಗಿನಿಂದ ಶ್ರೀರಂಗಪಟ್ಟಣದವರೆಗೆ ಎಲ್ಲರ ನಂಬಿಕೆ. ಅಂದರೆ ಕಾಶಿಯಲ್ಲಿ ತೊಳೆದದ್ದು ಅಕ್ಟೋಬರ್ ಹೊತ್ತಿಗೆ ಕನ್ನಂಬಾಡಿಯಲ್ಲಿ ಜಮೆಯಾಗುತ್ತದೆ. ಅಲ್ಲಿಂದ ಮುಂದೆ ಬಿಳಿಗುಂಡ್ಲು. ವರ್ಷಕ್ಕೆ 177.25 ಟಿಎಂಸಿ ನೀರು ಅಲ್ಲಿ ತಮಿಳುನಾಡಿಗೆ ಹರಿಯಬೇಕೆಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ. ಆ ನೀರಿನಲ್ಲಿ ಕರಗಿರುವ ಪಾಪವೆಷ್ಟು, ಅದು ಯಾವ ರಾಜ್ಯದ ಖಾತೆಗೆ, ಮಳೆ ಕಡಿಮೆಯಾದ ವರ್ಷ ಸಂಕಷ್ಟ ಹಂಚಿಕೆ ಹೇಗೆ ಎಂಬ ಬಗ್ಗೆ ತೀರ್ಪು ಮೌನವಾಗಿದೆ. ಅಷ್ಟು ವರ್ಷದ ವಾದದಲ್ಲಿ ಎರಡೂ ಕಡೆಯವರು ಕೇಳಿದ್ದು ನೀರನ್ನು ಮಾತ್ರ.

ತೀರುವಳಿ ಅಧಿಕರಣ

ಪ್ರಾಯಶ್ಚಿತ್ತ ಮೂಲದಲ್ಲಿ ಹೊಟ್ಟೆಗೆ ಸಂಬಂಧಪಟ್ಟದ್ದು. ಪ್ರಾಜಾಪತ್ಯ ಕೃಚ್ಛ್ರಕ್ಕೆ ಹನ್ನೆರಡು ದಿನ: ಮೂರು ದಿನ ಬೆಳಿಗ್ಗೆ ಮಾತ್ರ ಊಟ, ಮೂರು ದಿನ ರಾತ್ರಿ ಮಾತ್ರ, ಮೂರು ದಿನ ಕೇಳದೆ ಸಿಕ್ಕಿದ್ದು, ಉಳಿದ ಮೂರು ದಿನ ಉಪವಾಸ. ಚಾಂದ್ರಾಯಣದಲ್ಲಿ ಚಂದ್ರನೊಂದಿಗೆ ತುತ್ತೂ ಏರಬೇಕು, ಇಳಿಯಬೇಕು. ಹುಣ್ಣಿಮೆಗೆ ಹದಿನೈದು, ಅಮಾವಾಸ್ಯೆಗೆ ಸೊನ್ನೆ. ತುತ್ತಿನ ಗಾತ್ರ ನವಿಲಿನ ಮೊಟ್ಟೆಯಷ್ಟು. ಮಂಡ್ಯದ ಕಡೆಯ ಮುದ್ದೆಯನ್ನು ನವಿಲಿನ ಮೊಟ್ಟೆಯೆಂದು ಒಪ್ಪಬಹುದೇ ಎಂಬುದು ಮುಂದಿನ ಸಂಶೋಧಕರಿಗೆ ಬಿಟ್ಟ ವಿಷಯ.

ಹೊಟ್ಟೆ ಕಟ್ಟಲಾರದವರಿಗೆ ನಿಬಂಧಕಾರರು ಪ್ರತ್ಯಾಮ್ನಾಯ ಹೇಳಿದರು. ವ್ರತದ ಬದಲು ಹಸು ಕೊಡಬಹುದು. ಹಸುವಿಲ್ಲದವರು ಅದರ ಬೆಲೆ ಕೊಡಬಹುದು. ಇಲ್ಲಿಂದ ಮುಂದಕ್ಕೆ ಪಾಪದ ಇತಿಹಾಸ ಕಂದಾಯದ ಇತಿಹಾಸವಾಗುತ್ತದೆ. ಅರಿಶಿನದ ಬಟ್ಟೆಯಲ್ಲಿ ಕಟ್ಟಿಟ್ಟ ತಪ್ಪುಕಾಣಿಕೆ, ಹುಂಡಿಯ ಪಕ್ಕದ ಕ್ಯೂಆರ್ ಕೋಡ್, ಕಟ್ಟಬಾರದ ಕಡೆ ಕಟ್ಟಿದ ಮಹಡಿಗೆ ಶುಲ್ಕ ಕಟ್ಟಿಸಿಕೊಂಡು ಪಾವನ ಮಾಡುವ ಅಕ್ರಮ-ಸಕ್ರಮ, ಎಲ್ಲವೂ ಪ್ರತ್ಯಾಮ್ನಾಯದ ಸಂತಾನ. 2023ರ ಫೆಬ್ರವರಿಯಲ್ಲಿ ಬಾಕಿ ಸಂಚಾರ ದಂಡಕ್ಕೆ ಸರ್ಕಾರ ಅರ್ಧಕ್ಕರ್ಧ ರಿಯಾಯಿತಿ ಕೊಟ್ಟಾಗ ಬೆಂಗಳೂರಿನಲ್ಲಿ ಜನ ಸಾಲುಗಟ್ಟಿ ನಿಂತು ಪಶ್ಚಾತ್ತಾಪಪಟ್ಟರು. ಹೆಲ್ಮೆಟ್ಟಿಲ್ಲದೆ ಬಂದು ಕಟ್ಟಿ, ಹೆಲ್ಮೆಟ್ಟಿಲ್ಲದೆ ಹೋದವರೂ ಇರಬಹುದು. ಶಾಸ್ತ್ರ ಅದಕ್ಕೆ ಅಡ್ಡಿ ಮಾಡುವುದಿಲ್ಲ, ಮುಂದಿನ ರಿಯಾಯಿತಿಗೆ ಸರಕು ಬೇಕಲ್ಲ.

ದುಡ್ಡೂ ಬಿಚ್ಚಲಾರದವರಿಗೆ ಪತ್ರಿಕಾಗೋಷ್ಠಿ ಇದೆ. "ನನ್ನ ಮಾತಿನಿಂದ ಯಾರಿಗಾದರೂ ನೋವಾಗಿದ್ದರೆ ವಿಷಾದಿಸುತ್ತೇನೆ." ಇದರಲ್ಲಿ ಪಾಪ ಸಂಶಯಗ್ರಸ್ತ, ಪಾಪಿ ಗೈರುಹಾಜರು, ಹೊಣೆ ನೋವು ಮಾಡಿಕೊಂಡವನದು. ಅಷ್ಟಾಗಿಯೂ ಎದುರಾಳಿ ಬಿಡದಿದ್ದರೆ ದೇವಸ್ಥಾನಕ್ಕೆ ಬಂದು ಆಣೆ ಮಾಡೆಂದು ಕರೆಯುವುದು, ದಿನ ಗೊತ್ತುಮಾಡುವುದು, ಆ ದಿನ ಇಬ್ಬರಿಗೂ ಬೇರೆ ತುರ್ತು ಕೆಲಸ ಬರುವುದು.

ನಿರ್ಣಯಾಧಿಕರಣ

ಇಷ್ಟೆಲ್ಲ ಪ್ರಕ್ರಿಯೆಯಲ್ಲಿ ದೇವರಿದ್ದಾನೆ, ಪುರೋಹಿತರಿದ್ದಾರೆ, ನದಿಯಿದೆ, ಹಸುವಿದೆ, ಸರ್ಕಾರವಿದೆ, ನವಿಲಿನ ಮೊಟ್ಟೆಯೂ ಇದೆ. ಚಪ್ಪಲಿ ಕಳೆದುಕೊಂಡವನು ಮಾತ್ರ ಎಲ್ಲೂ ಇಲ್ಲ. ಪಾಪಕ್ಕೆ ಸಾಕ್ಷಿ ಹೇಳಿದವನೇ ಲೆಕ್ಕ ಚುಕ್ತಾ ಆಗುವಾಗ ಬರಿಗಾಲಲ್ಲಿ ಮನೆಗೆ ನಡೆದಿರುತ್ತಾನೆ.

ಇದು ಶಾಸ್ತ್ರದ ತಪ್ಪೇ ಎಂದು ಹುಡುಕಿದರೆ ಕುತೂಹಲಕರ ಸಂಗತಿ ಸಿಗುತ್ತದೆ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವಾದ ಮಿತಾಕ್ಷರಕ್ಕೆ ಮೂರು ಕಾಂಡಗಳು: ಆಚಾರ, ವ್ಯವಹಾರ, ಪ್ರಾಯಶ್ಚಿತ್ತ. 1810ರಲ್ಲಿ ಕೋಲ್‌ಬ್ರೂಕ್ ಇಂಗ್ಲಿಷಿಗೆ ತಂದದ್ದು ಅದರಲ್ಲಿ ಆಸ್ತಿ ಪಾಲು ಮಾಡುವ ಭಾಗವನ್ನು. ಅಣ್ಣತಮ್ಮಂದಿರು ಅದನ್ನು ಹಿಡಿದು ಜಿಲ್ಲಾ ಕೋರ್ಟಿನಿಂದ ಪ್ರಿವಿ ಕೌನ್ಸಿಲಿನವರೆಗೆ ಹೋದರು. ಪ್ರಾಯಶ್ಚಿತ್ತ ಕಾಂಡ ಹಿಡಿದು ಯಾವ ಅಣ್ಣನೂ ತಮ್ಮನ ಮನೆಯವರೆಗೆ ಹೋದಂತಿಲ್ಲ.

ಹೋಗಿದ್ದರೆ, ಧರ್ಮಶಾಸ್ತ್ರ ಕಳವಿನ ವಿಷಯದಲ್ಲಿ ಏನು ಹೇಳುತ್ತದೆಂದು ತಿಳಿಯುತ್ತಿತ್ತು. ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯದ ಪ್ರಕಾರ, ಇನ್ನೊಬ್ಬರ ಮನೆಯಿಂದ ಸಣ್ಣಪುಟ್ಟ ವಸ್ತು ಕದ್ದವನು ಸಾಂತಪನ ವ್ರತ ಮಾಡಿ ಶುದ್ಧನಾಗಬೇಕು, ಆದರೆ ಕದ್ದದ್ದನ್ನು ಒಡೆಯನಿಗೆ ಹಿಂದಿರುಗಿಸಿದ ಮೇಲೆ. ವಸ್ತು ಮೊದಲು, ವ್ರತ ಆಮೇಲೆ. ಮಿಕ್ಕ ವ್ರತ, ದಾನ, ಸ್ನಾನಗಳನ್ನೆಲ್ಲ ಮುತುವರ್ಜಿಯಿಂದ ಉಳಿಸಿಕೊಂಡ ನಾವು ಈ ಒಂದು ಷರತ್ತನ್ನು ಬಟ್ಟೆ ಒಗೆದು ಸವೆಸಿಬಿಟ್ಟಿದ್ದೇವೆ.

ಆದ್ದರಿಂದ ನಿರ್ಣಯ: ಪಾಪ ಇದೆ, ಮತ್ತು ಅದರ ವಿಳಾಸ ಪಕ್ಕದ ಬೀದಿಯದೇ ಹೊರತು ಕಾಶಿಯದಲ್ಲ. ಈ ಗ್ರಂಥ ಓದಿ ಯಾರಿಗಾದರೂ ಅನುತಾಪ ಉಂಟಾದರೆ ಚಾಂದ್ರಾಯಣ ಕೈಗೊಳ್ಳಬೇಕಾಗಿಲ್ಲ, ಹುಂಡಿಗೆ ಹಾಕಬೇಕಾಗಿಲ್ಲ, ಗೋದಾನವಂತೂ ಬೇಡವೇ ಬೇಡ. ಎರವಲು ಒಯ್ದ ಪುಸ್ತಕಗಳನ್ನು ಈ ವಾರದೊಳಗೆ ಅವುಗಳ ಒಡೆಯರಿಗೆ ತಲುಪಿಸಿ. ಹಾಳೆ ಮಡಚಿದ್ದಕ್ಕೆ, ಅಂಚಿನಲ್ಲಿ ಪೆನ್ಸಿಲ್ ಗೀಚಿದ್ದಕ್ಕೆ ಬೇರೆ ಪ್ರಾಯಶ್ಚಿತ್ತವಿಲ್ಲ. ಅವನ್ನು ಮನ್ನಾ ಮಾಡಲಾಗಿದೆ.