ನಾಲ್ಕು ಚಾಯ್ಸು, ಒಂದು ಟ್ರಂಕು

ಮಗಳ ಸಿಇಟಿ ರ‍್ಯಾಂಕು ಬಂದ ದಿನವೇ ನಮ್ಮವಳು ಸೀರೆಯ ಟ್ರಂಕು ಖಾಲಿ ಮಾಡಿ, "ಇನ್ನು ಕಾಲೇಜಿನ ಕಾಗದವೆಲ್ಲ ಇದರಲ್ಲೇ" ಅಂತ ಸುಗ್ರೀವಾಜ್ಞೆ ಹೊರಡಿಸಿದಳು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಕರ್ನಾಟಕದಲ್ಲೇ 7 ವರ್ಷ ಓದಿದ್ದಕ್ಕೆ ವ್ಯಾಸಂಗ ಪ್ರಮಾಣಪತ್ರ, ಆರ್‌ಡಿ ನಂಬರಿರುವ ಜಾತಿ-ಆದಾಯ ಪತ್ರ... ಒಂದೊಂದಕ್ಕೂ ಮೂರು ಜೆರಾಕ್ಸ್. ನಾನೂ ಸುಮ್ಮನಿರಲಿಲ್ಲ. ಎಕ್ಸೆಲ್‌ನಲ್ಲಿ ಪಟ್ಟಿ ಮಾಡಿದೆ: ಕಾಲೇಜು, ಬ್ರಾಂಚು, ಶುಲ್ಕ, ಹೋದ ವರ್ಷದ ಕಟ್‌ಆಫ್. ಮಗಳು ಅದಕ್ಕೆ 'ಕ್ಯಾಂಟೀನು' ಎಂಬ ಕಾಲಂ ಸೇರಿಸಿದಳು. ಅಜ್ಜಿ, 'ಎಷ್ಟು ಬಸ್ಸು ಬದಲಾಯಿಸಬೇಕು' ಎಂಬುದನ್ನು. ನಿಜ ಹೇಳಬೇಕೆಂದರೆ ಉಪಯೋಗಕ್ಕೆ ಬಂದದ್ದು ಅಜ್ಜಿಯ ಕಾಲಂ ಒಂದೇ.

ಬೇಕಾದ ಕಾಲೇಜು, ಬ್ರಾಂಚುಗಳನ್ನು ತುಂಬುವ ಆಪ್ಷನ್ ಎಂಟ್ರಿಯಲ್ಲಿ ಕ್ರಮಾಂಕವೇ ಸರ್ವಸ್ವ. ಮೇಲಿನದು ಸಿಕ್ಕರೆ ಕೆಳಗಿನದನ್ನು ಕಂಪ್ಯೂಟರು ಮೂಸಿಯೂ ನೋಡುವುದಿಲ್ಲ. ಸೀಟು ಸಿಕ್ಕ ಮೇಲೆ ಮತ್ತೆ ನಾಲ್ಕು ಚಾಯ್ಸು: ಒಪ್ಪಿಗೆ; ಒಪ್ಪಿಗೆ, ಆದರೆ ಇನ್ನೂ ಒಳ್ಳೆಯದಿದ್ದರೆ ನೋಡೋಣ; ಇದು ಬೇಡ, ಬೇರೆ ತೋರಿಸಿ; ಸಹವಾಸವೇ ಬೇಡ. ನಮ್ಮ ಕಾಲದ ವಧುಪರೀಕ್ಷೆಯಲ್ಲಿ ಎರಡನೆಯದಕ್ಕೆ ಅವಕಾಶವಿರಲಿಲ್ಲ ಎಂದೆ.

"ಇದ್ದಿದ್ದರೆ ನಾನು ಅದನ್ನೇ ಒತ್ತುತ್ತಿದ್ದೆ" ಎಂದಳು ನಮ್ಮವಳು.

ಇಷ್ಟೆಲ್ಲ ಜೋಡಿಸಿಟ್ಟು, ಪಾಸ್‌ವರ್ಡ್ ಬರೆದದ್ದೆಲ್ಲಿ? ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕ. ಆ ಹಾಳೆಯನ್ನು ಮೊನ್ನೆ ಅಜ್ಜಿ ಹರಿದು ಡಬ್ಬಿಯ ತಳಕ್ಕೆ ಹಾಸಿದ್ದರು. ಮೇಲೆ ಎರಡು ಕೆಜಿ ಉದ್ದಿನಬೇಳೆ.